ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಆರು ಇಂಚಿನ ಮಾಡ

ಕಲಬುರಗಿಯ ಹಳೆ ಊರಿನಲ್ಲಿ ನಮ್ಮ ಕಾಕಾನ ಮನೆ. ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದ್ ಪರಸಿ ಕಲ್ಲು. ಪಡಸಾಲೆಯ ಹಳೆ ಗೋಡೆಯಲ್ಲಿ ಕಮಾನಿನ ಎರಡು ಮಾಡ, ಅಂದರೆ ಗೋಡೆಯೊಳಗಿನ ಗೂಡು, ಇವೆ. ಒಂದರಲ್ಲಿ ದೇವರ ದೀಪ. ಇನ್ನೊಂದರಲ್ಲಿ ಕೀಲಿ, ಕನ್ನಡಕ, ಲೈಟ್ ಬಿಲ್ಲು. ಮನೆ ಪಾಲಾದ ಮೇಲೆ ಪಡಸಾಲೆಯ ನಡುವೆ ಇಟ್ಟಂಗಿ ಗೋಡೆ ಎದ್ದಿತು. ಅದರ ದಪ್ಪ 4.5 ಇಂಚು ಅಷ್ಟೇ.

"ಈ ಗ್ವಾಡಿ ಬೋಳಾ ಕಾಣ್ಲತ್ತದ ತಮ್ಮಾ. ಇಲ್ಲೂ ಒಂದು ಮಾಡ ಇದ್ರ ಚಂದ ಇರ್ತಿತ್ತು ನೋಡು" ಅಂದರು ಕಾಕಿ. ಗೌಂಡಿಯನ್ನು ಕರೆಸಿ ತೋರಿಸಿದೆವು. ಆತ ಗೋಡೆಗೆ ಎರಡು ಸಲ ಬೆರಳು ಬಡಿದು, "ಇದನ್ನ ಕೊರದ್ರ ಆ ಕಡಿ ಮನಿ ಕಾಣ್ತದ್ರಿ" ಅಂದ. ಹಾಗಾಗಿ ಬಣ್ಣದಲ್ಲೇ ಮಾಡ ಬರೆಯುವುದು ಎಂದಾಯಿತು. ಗೋಡೆ ಚಿತ್ರ ನನ್ನ ಕೆಲಸವೇ. ಆದರೂ ಪಕ್ಕದಲ್ಲೇ ನಿಜವಾದ ಮಾಡ ಇರುವಾಗ ಸುಳ್ಳು ಮಾಡ ಬರೆಯುವುದು ಬೇರೆ ಮಾತು. ನೋಡುವವರ ಕಣ್ಣು ಎರಡನ್ನೂ ಹೋಲಿಸುತ್ತಲೇ ಇರುತ್ತದೆ.

ಕುಸುರಿ ಎಷ್ಟೇ ಇರಲಿ, ಕೋಣೆಗೆ ನಿಜವಾಗಿ ಬರುವ ಬೆಳಕಿಗೂ ಚಿತ್ರದೊಳಗಿನ ನೆರಳಿಗೂ ತಾಳೆಯಾಗದಿದ್ದರೆ ಕಣ್ಣು ನಂಬುವುದಿಲ್ಲ. ಆದ್ದರಿಂದ ಮೊದಲು ಪೆನ್ಸಿಲ್ ಹಿಡಿಯಲಿಲ್ಲ. ಗೋಡೆಯ ಎದುರು ಕೂತು ಬೆಳಕು ನೋಡಿದೆ. ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಕಿಟಕಿ, ಬಲಕ್ಕೆ ಬಾಗಿಲು. ಕಿಟಕಿ ಉತ್ತರಕ್ಕಿದೆ. ನೇರ ಬಿಸಿಲು ಹೆಚ್ಚುಕಡಿಮೆ ಬರುವುದೇ ಇಲ್ಲ, ಬರುವುದು ಆಕಾಶದ ತಂಪು ಬೆಳಕು. ಇದು ದೊಡ್ಡ ಅನುಕೂಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೆರಳಿನ ದಿಕ್ಕು ಬದಲಾಗುವುದಿಲ್ಲ. ಪೂರ್ವದ ಕಿಟಕಿ ಆಗಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಎರಡನೆಯ ನಿರ್ಧಾರ ಆಳದ್ದು. ಹಳೆ ಮಾಡದ ಆಳ 9 ಇಂಚು. ನಾನು 6 ಇಂಚು ಅಂತ ಇಟ್ಟುಕೊಂಡೆ. ನಮಗೆ ಎರಡು ಕಣ್ಣು ಇವೆ, ತಲೆಯೂ ಸುಮ್ನೆ ಇರುವುದಿಲ್ಲ. ನಿಜವಾದ ಗುಂಡಿಯನ್ನು ನೋಡುತ್ತ ಒಂದು ಹೆಜ್ಜೆ ಸರಿದರೆ ಒಳಗಿನದು ಅಂಚಿನ ಹಿಂದೆ ಸರಿಯುತ್ತದೆ. ಚಿತ್ರದಲ್ಲಿ ಏನೂ ಸರಿಯುವುದಿಲ್ಲ. ಆಳ ಜಾಸ್ತಿ ತೋರಿಸಿದಷ್ಟೂ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಕಣ್ಣು ಮೋಸಹೋಗುವ ಚಿತ್ರ ಬರೆದ ಯುರೋಪಿನ ಕಲಾವಿದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾರ್ನೆಲಿಸ್ ಗೈಸ್‌ಬ್ರೆಕ್ಟ್ಸ್ 1670ರ ಸುಮಾರಿಗೆ ಒಂದು ಚಿತ್ರ ಬರೆದ. ಅದರಲ್ಲಿ ಇರುವುದು ಚೌಕಟ್ಟು ಹಾಕಿದ ಚಿತ್ರವೊಂದರ ಹಿಂಬದಿ ಮಾತ್ರ. ಕಟ್ಟಿಗೆ ಪಟ್ಟಿ, ಮೊಳೆ, ಕ್ಯಾನ್ವಾಸಿನ ಬೆನ್ನು, ಒಂದು ನಂಬರ್ ಚೀಟಿ. ಒಟ್ಟು ಆಳ ಒಂದೆರಡು ಇಂಚು. ತಲೆ ಆಡಿಸಿದರೂ ಗುಟ್ಟು ಬೇಗ ಬಯಲಾಗದು. ನನ್ನ ಲೆಕ್ಕದಲ್ಲಿ ಅವನು ಆರಿಸಿಕೊಂಡ ವಸ್ತುವಿನಲ್ಲೇ ಅರ್ಧ ಕೆಲಸ ಮುಗಿದಿದೆ.

ಆಳ ಹೆಚ್ಚಾದಾಗ ಬೇರೆ ದಾರಿ ಹಿಡಿಯಬೇಕು. ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿಗೆ ಗುಮ್ಮಟ ಕಟ್ಟಲಾಗಲಿಲ್ಲ. ಆಂದ್ರೆಯಾ ಪೊಝ್ಝೊ 1685ರಲ್ಲಿ ದೊಡ್ಡ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಮೇಲಕ್ಕೆ ಕೂರಿಸಿದ. ಎಲ್ಲಿ ನಿಂತು ನೋಡಬೇಕು ಅನ್ನುವುದಕ್ಕೆ ನೆಲದಲ್ಲಿ ಅಮೃತಶಿಲೆಯ ಬಿಲ್ಲೆ ಹಾಕಿದ್ದಾರೆ. ಅಲ್ಲಿಂದ ದೂರ ಸರಿದಷ್ಟೂ ಗುಮ್ಮಟ ವಾಲುತ್ತದೆ. ಮನೆಯ ಪಡಸಾಲೆಯಲ್ಲಿ ಬಿಲ್ಲೆ ಹಾಕಿ ಇಲ್ಲೇ ನಿಲ್ಲಿ ಅನ್ನಲಾಗದು, ಅಲ್ವಾ. ಆದರೂ ಎಲ್ಲಿಂದ ನೋಡಿದರೆ ಸರಿ ಅನ್ನುವ ಒಂದು ಜಾಗ ಗೊತ್ತು ಮಾಡಿಕೊಳ್ಳಲೇಬೇಕು. ನಾನು ಬಾಗಿಲನ್ನು ಆರಿಸಿದೆ. ಒಳಗೆ ಕಾಲಿಟ್ಟವರ ಮೊದಲ ನೋಟ ಅಲ್ಲಿಂದಲೇ.

ಬಾಗಿಲಿನಿಂದ ಗೋಡೆಗೆ ನೇರ ದೂರ 9 ಅಡಿ, ಅಂದರೆ 108 ಇಂಚು. ನಿಂತವರ ಕಣ್ಣಿನ ಎತ್ತರ 60 ಇಂಚು ಅಂತ ಹಿಡಿದೆ. ಬಾಗಿಲು ಬಲಕ್ಕಿರುವುದರಿಂದ ಕಣ್ಣಿನ ನೇರಕ್ಕೆ ಗೋಡೆಯಲ್ಲಿ ಬರುವ ಬಿಂದು ಮಾಡದ ನಡುಗೆರೆಯಿಂದ 48 ಇಂಚು ಬಲಕ್ಕೆ. ಆ ಬಿಂದುವಿಗೆ ಮೊಳೆ ಹೊಡೆದು ದಾರ ಕಟ್ಟಿದೆ. ಒಳಕ್ಕೆ ಹೋಗುವ ಗೆರೆಗಳೆಲ್ಲ ಆ ಮೊಳೆಗೇ ಸೇರಬೇಕು. ಇದು ಹಳೆಯ ಉಪಾಯ. ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚ್ಚೊ 1427ರ ಸುಮಾರಿಗೆ ಬರೆದ ಭಿತ್ತಿಚಿತ್ರದ ಗಾರೆಯಲ್ಲೂ ಹೀಗೆ ಗೀರಿಕೊಂಡ ಗೆರೆಗಳ ಗುರುತು ಉಳಿದಿದೆ.

ಇನ್ನು ಲೆಕ್ಕ. ಕಣ್ಣಿನಿಂದ ಗೋಡೆಗೆ 108, ಮಾಡದ ಬೆನ್ನಿಗೆ, ಅಂದರೆ ಒಳಗಿನ ಹಿಂಗೋಡೆಗೆ, 114. ಹಿಂದಿರುವ ಪ್ರತಿ ಬಿಂದು ಮೊಳೆಯ ಕಡೆ 114ರಲ್ಲಿ 6 ಭಾಗ ಸರಿಯುತ್ತದೆ. ಅಂದರೆ 19ರಲ್ಲಿ ಒಂದು ಭಾಗ. ಮಾಡದ ಅಗಲ 18 ಇಂಚು. ಎಡ ಅಂಚಿನಿಂದ ಮೊಳೆಗೆ 57 ಇಂಚು, ಅದನ್ನು 19ರಿಂದ ಭಾಗಿಸಿದರೆ 3. ಹಾಗಾಗಿ ಎಡಬದಿಯ ಒಳಗೋಡೆ 3 ಇಂಚು ಅಗಲದ ಪಟ್ಟಿಯಾಗಿ ಕಾಣುತ್ತದೆ. ಬಲಬದಿಯ ಒಳಗೋಡೆ ಅಂಚಿನ ಹಿಂದೆ ಪೂರ್ತಿ ಮರೆ. ಮಾಡದ ತಳ ನೆಲದಿಂದ 42 ಇಂಚು ಎತ್ತರದಲ್ಲಿದೆ, ಕಣ್ಣಿಗಿಂತ 18 ಇಂಚು ಕೆಳಗೆ. ಅದು ಒಂದು ಇಂಚಿಗೆ ತುಸು ಕಡಿಮೆ ಕಾಣುತ್ತದೆ. ಕಮಾನಿನ ತುದಿ 69 ಇಂಚು ಎತ್ತರ, ಕಣ್ಣಿಗಿಂತ 9 ಇಂಚು ಮೇಲೆ. ಅಲ್ಲಿ ಅರ್ಧ ಇಂಚಿನಷ್ಟು ಕಮಾನಿನ ಹೊಟ್ಟೆ, ಅಂದರೆ ಅದರ ಒಳಮೈ, ಕಾಣಬೇಕು. ಎಲ್ಲಕ್ಕೂ ಒಂದೇ ಭಾಗಾಕಾರ.

ಕಮಾನು ಚೂಪುತುದಿಯದು, ಹಳೆ ಮಾಡದ ಹಾಗೇ. ಅಗಲವನ್ನು ನಾಲ್ಕು ಪಾಲು ಮಾಡಿ, ಎರಡೂ ಕಡೆಯ ಕಾಲು ಪಾಲಿನಲ್ಲಿ ಮೊಳೆ ಇಟ್ಟು, 13.5 ಇಂಚಿನ ದಾರದಿಂದ ಆಚೆ ಬದಿಯ ಕಂಸ ಎಳೆದರೆ ಬರುತ್ತದೆ. ಕಮಾನು ಎದ್ದ ಗೆರೆಯಿಂದ ತುದಿಗೆ ಸುಮಾರು 12.75 ಇಂಚು. ಕೆಳಗಿನ ನೇರ ಭಾಗ 14.25 ಇಂಚು. ಹಿಂದಿನ ಕಮಾನಿಗೆ ಆ ಎರಡು ಕೇಂದ್ರಗಳನ್ನೂ ಬಲಕ್ಕೆ ಹೊಡೆದ ಮೊದಲ ಮೊಳೆಯ ಕಡೆ 19ರಲ್ಲಿ ಒಂದು ಭಾಗ ಸರಿಸಿ, ದಾರವನ್ನೂ ಅಷ್ಟೇ ಪಾಲು ಕಡಿಮೆ ಮಾಡಿ ಎಳೆದೆ. ನೇರ ಗೆರೆಗೆ ತೂಗುಗುಂಡು, ಮಟ್ಟಕ್ಕೆ ಗೌಂಡಿಯ ನೀರಿನ ಟ್ಯೂಬು.

ಇದಕ್ಕೂ ಮೊದಲು ಗೋಡೆಗೆ ಪುಟ್ಟಿ, ಎಮರಿ ಪೇಪರ್, ಪ್ರೈಮರ್ ಎಲ್ಲ ಆಗಿತ್ತು. ಬಣ್ಣ ಪೂರ್ತಿ ಮ್ಯಾಟ್ ಇರಬೇಕು. ಹೊಳಪಿದ್ದರೆ ಕಿಟಕಿಯ ಬೆಳಕು ಗೋಡೆ ಮೇಲೆ ಮಿಂಚಿ, ಇದು ಸಪಾಟು ಅಂತ ಅದೇ ಹೇಳಿಬಿಡುತ್ತದೆ. ಗೋಡೆಗೆ ಅಚ್ಚ ಬಿಳಿ ಬೇಡ ಅಂತ ಮೊದಲೇ ಹೇಳಿದ್ದೆ. ತೆಳು ಕೆನೆ ಬಣ್ಣ ಹೊಡೆಸಿದೆ. ಬಿಳಿ ಬೇರೆ ಕಡೆ ಬೇಕಿತ್ತು. ಅದು ಮುಂದೆ ಬರುತ್ತದೆ.

ನೆರಳಿನ ನಕ್ಷೆಗೆ ನಾನು ಊಹೆ ನೆಚ್ಚಲಿಲ್ಲ. ಗಟ್ಟಿ ರಟ್ಟಿನಿಂದ ಅದೇ ಅಳತೆಯ ಕಮಾನಿನ ಡಬ್ಬಿ ಮಾಡಿ, ಒಳಗೂ ಹೊರಗೂ ಗೋಡೆಯ ಬಣ್ಣವನ್ನೇ ಬಳಿದೆ. ಅದನ್ನು ಮಾಡ ಬರಬೇಕಾದ ಜಾಗಕ್ಕೇ ತೂಗುಹಾಕಿ ಬಾಗಿಲಲ್ಲಿ ನಿಂತು ನೋಡಿದೆ. ಇಂಥ ಕೆಲಸ ಮಾಡುವವರಿಗೆಲ್ಲ ನಾನು ಹೇಳುವುದು ಇದನ್ನೇ. ರಟ್ಟಿನ ಡಬ್ಬಿ ಒಂದು ಮಾಡಿ. ಅದು ತೋರಿಸುವುದನ್ನು ಯಾವ ಫೋಟೋ ತೋರಿಸುವುದಿಲ್ಲ.

ಡಬ್ಬಿಯಲ್ಲಿ ಕಂಡದ್ದು ಹೀಗೆ. ಬೆಳಕು ಎಡದಿಂದ ಬರುವುದರಿಂದ ಎಡ ಒಳಗೋಡೆ ಕತ್ತಲಲ್ಲಿ. ಅದರ ನೆರಳು ಬೆನ್ನಿನ ಮೇಲೂ ಬೀಳುತ್ತದೆ, ಹೆಚ್ಚುಕಡಿಮೆ ಆಳದಷ್ಟೇ ಅಗಲ. ಎಡಮೂಲೆ ಎಲ್ಲಕ್ಕಿಂತ ಗಾಢ. ಆದರೆ ಎಡ ಒಳಗೋಡೆಯ ಮುಂಭಾಗ ಮೂಲೆಯಷ್ಟು ಕಪ್ಪಿಲ್ಲ, ಕೋಣೆಯ ಬೆಳಕು ಅಲ್ಲಿಗೆ ಅಷ್ಟಿಷ್ಟು ಮುಟ್ಟುತ್ತದೆ. ಬೆನ್ನಿನ ಮೇಲಿನ ನೆರಳಿಗೆ ಚೂಪಾದ ಅಂಚಿಲ್ಲ. ದೀಪದ ಬುಡ್ಡಿಯಾದರೆ ಅಂಚು ಚೂಪು. ಕಿಟಕಿ ಅಗಲವಾದ ಬೆಳಕು, ನೆರಳು ಹರಡಿಕೊಂಡು ಕರಗುತ್ತದೆ. ಇನ್ನು ಕಮಾನಿನ ಹೊಟ್ಟೆ. ಅದು ಕೆಳಗೆ ಮುಖ ಮಾಡಿರುವುದರಿಂದ ಎಲ್ಲಕ್ಕಿಂತ ಕಪ್ಪಿರಬೇಕು ಅನಿಸುತ್ತದೆ. ಹಾಗಿಲ್ಲ. ನೆಲದ ಪರಸಿ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಎಡ ಒಳಗೋಡೆಯಿಂದ ಮೇಲಕ್ಕೆ ಬಾಗುತ್ತ ಹೋದಂತೆ ಕಮಾನಿನ ಹೊಟ್ಟೆ ತಿಳಿಯಾಗುತ್ತದೆ, ಅದಕ್ಕೆ ಪರಸಿಯ ಬೂದಿನೀಲಿ ಛಾಯೆ ಬೇರೆ.

ಇದನ್ನೇ ದೊಡ್ಡದಾಗಿ ನೋಡಬೇಕೆಂದು ನಮ್ಮೂರ ಕೋಟೆಯ ಜಾಮಿ ಮಸೀದಿಗೆ ಹೋಗಿ ಬಂದೆ. 1367ರ ಕಟ್ಟಡ. ಅಂಗಳವಿಲ್ಲ, ಇಡೀ ಮಸೀದಿಗೆ ಮೇಲ್ಮುಚ್ಚಳ. ಹೊರಸಾಲಿನ ಕಮಾನುಗಳು ಗಿಡ್ಡ ಕಾಲಿನ ಮೇಲೆ ಅಗಲವಾಗಿ ಎದ್ದಿವೆ. ಬೆಳಕು ಬದಿಯಿಂದ ಬರುವ ಹೊತ್ತಿಗೆ ಹೋದರೆ ಗೊತ್ತಾಗುತ್ತದೆ. ಒಂದರ ಹಿಂದೆ ಒಂದು ನಿಂತ ಕಮಾನುಗಳಲ್ಲಿ ಆಳ ಎಷ್ಟು ಅನ್ನುವುದನ್ನು ಗೆರೆಗಿಂತ ಮೊದಲು ಬೆಳಕೇ ಹೇಳುತ್ತದೆ. ಒಂದು ಕಮಾನಿನ ಹೊಟ್ಟೆ ತಿಳಿ, ಅದರ ಹಿಂದಿನ ಸಂದು ಕಪ್ಪು, ಮತ್ತೆ ತಿಳಿ. ಅಲ್ಲಿ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಣ್ಣಕ್ಕೆ ಬರೋಣ. ನೆರಳಿಗೆ ಕಪ್ಪು ಬೆರೆಸಬಾರದು. ಕೆನೆ ಬಣ್ಣಕ್ಕೆ ಕಪ್ಪು ಹಾಕಿದರೆ ಹಸಿರು ಮಿಶ್ರಿತ ಕೊಳಕು ಬೂದಿ ಬರುತ್ತದೆ, ನೆರಳು ಮಸಿಯ ಕಲೆಯಾಗಿ ಕಾಣುತ್ತದೆ. ಗೋಡೆಯ ಬಣ್ಣಕ್ಕೇ ಬರ್ಂಟ್ ಅಂಬರ್ ಅನ್ನುವ ಕಡುಕಂದು ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿದೆ. ಬೆಚ್ಚಗೆ ಬೇಕಾದಲ್ಲಿ ಅಂಬರ್ ಜಾಸ್ತಿ, ತಂಪು ಬೇಕಾದಲ್ಲಿ ನೀಲಿ ಜಾಸ್ತಿ. ಮೂಲ ಒಂದೇ ಇರುವುದರಿಂದ ಎಲ್ಲವೂ ಒಂದೇ ಗೋಡೆಯ ಬಣ್ಣ ಅನಿಸುತ್ತದೆ. ಮಧ್ಯಾಹ್ನದ ಬೆಳಕಿನಲ್ಲಿ ಡಬ್ಬಿಯ ಪಕ್ಕಕ್ಕೇ ಬಣ್ಣ ಹಚ್ಚಿದ ಚೀಟಿ ಹಿಡಿದು ಹೊಂದಿಸಿದೆ. ಚೀಟಿ ಒಣಗಿದ ಮೇಲೆ ಹೋಲಿಸಬೇಕು. ಅಕ್ರಿಲಿಕ್ ಒಣಗಿದಾಗ ತುಸು ಗಾಢವಾಗುತ್ತದೆ. ಸುಣ್ಣದ್ದು ಇದಕ್ಕೆ ಉಲ್ಟಾ, ಒಣಗಿದಂತೆ ಬಿಳಿಯಾಗುತ್ತದೆ.

ನಮ್ಮೂರಿನ ಬೇಸಿಗೆಯಲ್ಲಿ ಅಕ್ರಿಲಿಕ್ ಬ್ರಷ್ಷಿನಲ್ಲೇ ಒಣಗುತ್ತದೆ. ಎರಡು ಬಣ್ಣ ಗೋಡೆ ಮೇಲೆ ಕಲೆಸಿ ಕರಗಿಸಲು ಪುರಸೊತ್ತೇ ಸಿಗುವುದಿಲ್ಲ. ಹಾಗಾಗಿ ಒದ್ದೆ ಸ್ಪಂಜು ಮತ್ತು ಗಟ್ಟಿ ಕೂದಲಿನ ಬ್ರಷ್ಷಿನಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ನೆರಳು ಏರಿಸಿದೆ. ಗಾಢ ಕಡೆ ಚುಕ್ಕೆ ಒತ್ತಾಗಿ, ತಿಳಿ ಕಡೆ ವಿರಳವಾಗಿ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಉಬ್ಬುತಗ್ಗು ತೋರಿಸುವ ಕೆಲಸಕ್ಕೆ ವರ್ತನಾ ಅಂದಿದ್ದಾರೆ. ಅದರಲ್ಲಿ ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆ. ಕೊನೆಯದು ಬಿಂದುಗಳಿಂದ ಬರುವುದು. ನಾನು ಮಾಡಿದ್ದು ಅದೇ ಜಾತಿಯ ಕೆಲಸ. 9 ಅಡಿ ದೂರದಿಂದ ಚುಕ್ಕೆ ಕಾಣುವುದಿಲ್ಲ. ಹತ್ತಿರ ಹೋದರೆ ಹಳೆ ಸುಣ್ಣದ ಗೋಡೆಯ ತರಿತರಿ ಕಾಣುತ್ತದೆ. ನಯವಾಗಿ ಸ್ಪ್ರೇ ಮಾಡಿದ್ದರೆ ಪಕ್ಕದ ಹಳೆ ಗೋಡೆಗೆ ಹೊಂದುತ್ತಿರಲಿಲ್ಲ.

ಹೆಚ್ಚು ಹೊತ್ತು ತಿಂದದ್ದು ಅಂಚು. ಹಳೆ ಮಾಡದ ಅಂಚಿಗೆ ಬೆರಳು ಆಡಿಸಿ ನೋಡಿ. ಅದು ಚೂಪಿಲ್ಲ. ತಲೆಮಾರುಗಳಿಂದ ಬಳಿದ ಸುಣ್ಣ ಪದರಪದರವಾಗಿ ಕೂತು ಅಂಚು ದುಂಡಾಗಿದೆ, ಕೈ ತಾಗಿ ತಾಗಿ ಸವೆದಿದೆ. ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹಚ್ಚಿದರೆ ಬರುವ ಗೆರೆ ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪು. ಟೇಪನ್ನು ಮೊದಲ ಕೋಟಿಗೆ ಮಾತ್ರ ಬಳಸಿದೆ. ಆಮೇಲೆ ಸಣ್ಣ ಬ್ರಷ್ಷಿನಿಂದ ಅಂಚಿನುದ್ದಕ್ಕೂ ಕಾಲು ಇಂಚಿಗಿಂತ ಕಡಿಮೆ ಅಗಲದಲ್ಲಿ ದುಂಡುತನ ತಂದೆ. ಎಡ ಅಂಚು ಕಿಟಕಿಗೆ ಬೆನ್ನು ಹಾಕಿ ಒಳಕ್ಕೆ ತಿರುಗುತ್ತದೆ. ಅಲ್ಲಿ ಗೋಡೆಯ ಕೆನೆ ಮೆಲ್ಲಗೆ ಗಾಢವಾಗಬೇಕು. ಬಲ ಅಂಚು ಕಿಟಕಿಯ ಕಡೆ ತಿರುಗುತ್ತದೆ. ಅದು ಗೋಡೆಗಿಂತಲೂ ಬೆಳ್ಳಗಿರಬೇಕು. ಉಳಿಸಿಕೊಂಡ ಬಿಳಿ ಇಲ್ಲಿಗೆ. ನೂಲಿನಷ್ಟು ತೆಳು ಬಿಳಿ ಗೆರೆ, ಅಲ್ಲಲ್ಲಿ ತುಂಡಾಗಿ, ಕಮಾನಿನ ತುದಿಯ ಹತ್ತಿರ ಕರಗಿ. ಗೋಡೆಯೇ ಅಚ್ಚ ಬಿಳಿ ಇದ್ದಿದ್ದರೆ ಈ ಗೆರೆಗೆ ಜಾಗವೇ ಇರುತ್ತಿರಲಿಲ್ಲ. ಇದನ್ನು ಹಾಕಿದ ಮೇಲೆಯೇ ಮಾಡ ಒಳಕ್ಕೆ ಹೋಯಿತು. ನೆರಳು ಎಲ್ಲ ಮೊದಲೇ ಇತ್ತು, ಆದರೂ ಅಷ್ಟೊತ್ತು ಅದು ಬರೀ ಬಣ್ಣವಾಗಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಬೆಳಕು ಮೇಲಿನಿಂದ ಬರುತ್ತದೆ ಅಂತ ನಮ್ಮ ಕಣ್ಣು ತಾನಾಗಿ ನಂಬಿಕೊಳ್ಳುತ್ತದೆ. ಮೇಲ್ಭಾಗ ಕಪ್ಪು, ಕೆಳಭಾಗ ತಿಳಿ ಇರುವ ದುಂಡನೆಯ ಗುರುತು ತಗ್ಗಾಗಿ ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಉಬ್ಬು. ಕಿಟಕಿ ಎಡಕ್ಕಿದ್ದರೂ ಅದರ ಬೆಳಕು ತುಸು ಮೇಲಿನಿಂದಲೇ ಇಳಿಯುತ್ತದೆ. ಹಾಗಾಗಿ ಮಾಡದ ತಳದ ಒಂದಿಂಚು ಪಟ್ಟಿಯ ಬಲಭಾಗವನ್ನು ಸಾಕಷ್ಟು ತಿಳಿಯಾಗಿ ಇಟ್ಟೆ. ಆ ಪಟ್ಟಿ ಇಲ್ಲದಿದ್ದರೆ ಮಾಡ ಹೊರಕ್ಕೆ ಉಬ್ಬಿದ ಹಾಗೂ ಕಾಣುವ ಸಾಧ್ಯತೆ ಇದೆ.

ಒಳಗೆ ಏನಿಡಬೇಕು ಅಂತ ಕಾಕಿಯನ್ನು ಕೇಳಿದೆ. "ದೀಪಾ ಇಡು, ಹಚ್ಚಿದ್ದು" ಅಂದರು. "ಕಾಕಿ, ಹಚ್ಚಿದ ದೀಪ ಇಟ್ರ ಅದರ ಬೆಳಕು ಒಳಗೆಲ್ಲಾ ಬೀಳಬೇಕಾಗ್ತದರಿ. ಕಿಟಕಿ ಬೆಳಕಿಗೂ ಅದಕ್ಕೂ ಜಗಳ ಆಗ್ತದ" ಅಂದೆ. ಸ್ವಲ್ಪ ಯೋಚಿಸಿ, ಅಡುಗೆಮನೆಯಿಂದ ಹಿತ್ತಾಳಿ ತಂಬಿಗೆ ತಂದು ಕೈಗಿಟ್ಟರು.

ತಂಬಿಗೆಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ನೋಡಿ ಬರೆದೆ. ಅದರ ತಳದ ಅಡ್ಡಗಲ 3 ಇಂಚು. ಬಾಗಿಲಿನಿಂದ ನೋಡಿದರೆ ಆ ವೃತ್ತ ಅರ್ಧ ಇಂಚಿನ ಚಪ್ಪಟೆ ಅಂಡಾಕಾರ. ಬಾಯಿ ಕಣ್ಣಿನ ಎತ್ತರಕ್ಕೆ ಹತ್ತಿರವಾದ್ದರಿಂದ ಇನ್ನೂ ಚಪ್ಪಟೆ, ಒಂದು ಇಂಚಿನ ಮೂರನೇ ಒಂದು ಭಾಗದಷ್ಟು. ಪಾತ್ರೆ ಬರೆಯುವಾಗ ಬಾಯಿಯನ್ನು ಅಗಲವಾಗಿ ತೆರೆದು ತೋರಿಸಬೇಕು ಅಂತ ಕೈ ಎಳೆಯುತ್ತದೆ. ಎಳೆದರೆ ಪಾತ್ರೆ ಮುಂದಕ್ಕೆ ವಾಲುತ್ತದೆ. ಹಿತ್ತಾಳಿಗೆ ಚಿನ್ನದ ಬಣ್ಣ ಬೇಡ. ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿ, ಅಂಬರ್, ತುಸು ಹಸಿರು ಸಾಕು. ನಮ್ಮೂರಲ್ಲೇ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರ ಪುರಾಣದ ಚಿತ್ರಗಳನ್ನು ನೋಡುತ್ತ ಬೆಳೆದವರಿಗೆ, ಒಡವೆ ಹೊಳೆಯುವುದು ಅದರ ಪಕ್ಕದ ಕಂದು ನೆರಳಿನಿಂದ ಅನ್ನುವುದು ಕಣ್ಣಿಗೇ ಗೊತ್ತಿರುತ್ತದೆ. ತಂಬಿಗೆಯ ಎಡ ಹೊಟ್ಟೆಯ ಮೇಲೆ ಹೊಳಪಿನ ಚುಕ್ಕೆ ಇದೆಯಲ್ಲ, ಅದು ನಿಜವಾಗಿ ಕಿಟಕಿಯೇ. ಹತ್ತಿರದಿಂದ ನೋಡಿದರೆ ಕಿಟಕಿಯ ಸರಳುಗಳೂ ಬಾಗಿ ಕಾಣುತ್ತವೆ. ಹಾಗಾಗಿ ಆ ಹೊಳಪನ್ನು ಸಣ್ಣ ಬಾಗಿದ ಚೌಕವಾಗಿ ಬರೆದು ನಡುವೆ ಸರಳಿನ ಕೂದಲೆಳೆ ಗೆರೆ ಹಾಕಿದೆ. ತಳ ಕೂತಲ್ಲಿ, ತಂಬಿಗೆಗೂ ಮಾಡಕ್ಕೂ ನಡುವೆ ಒಂದು ಕಡುಗಪ್ಪು ಎಳೆ. ಅದಿಲ್ಲದಿದ್ದರೆ ಪಾತ್ರೆ ತೇಲುತ್ತದೆ.

ಹಗಲಿನ ಮಟ್ಟಿಗೆ ಕೆಲಸ ಮುಗಿದಿತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಮಾಡ ಸತ್ತೇ ಹೋಯಿತು. ಟ್ಯೂಬ್ ಇದ್ದದ್ದು ಬಲಗೋಡೆಯಲ್ಲಿ. ಹಳೆ ಮಾಡಗಳ ನೆರಳೆಲ್ಲ ಒಂದು ಕಡೆ, ಇದರದ್ದು ಇನ್ನೊಂದು ಕಡೆ. ಚಿತ್ರ ತಿದ್ದಿದರೆ ಹಗಲು ಕೆಡುತ್ತದೆ. ಅದಕ್ಕೆ ಎಲೆಕ್ಟ್ರಿಷಿಯನ್‌ನನ್ನು ಕರೆದು ಟ್ಯೂಬನ್ನು ಕಿಟಕಿಯ ಮೇಲೆ ಅಡ್ಡಕ್ಕೆ ಹಾಕಿಸಿದೆವು. ಉದ್ದನೆಯ ಟ್ಯೂಬ್ ಆದ್ದರಿಂದ ನೆರಳಿನ ಅಂಚು ಮೆತ್ತಗೇ ಇರುತ್ತದೆ. ಈಗ ಹಗಲು ರಾತ್ರಿ ಬೆಳಕು ಒಂದೇ ಕಡೆಯಿಂದ.

ಎಲ್ಲಿಂದ ನೋಡಿದರೆ ಏನು ಅನ್ನುವುದನ್ನೂ ಬರೆದಿಡುತ್ತೇನೆ. ಬಾಗಿಲಿನಿಂದ, ಬಾಗಿಲ ಪಕ್ಕದ ಮಂಚದಿಂದ, ಪೂರ್ತಿ ನಿಜ. ಮಂಚದ ಮೇಲೆ ಕೂತರೆ ಕಣ್ಣು ಕೆಳಗಿಳಿದು ಮಾಡದ ತಳ ಹೆಚ್ಚುಕಡಿಮೆ ಕಾಣಬಾರದು, ಆದರೂ ಆ ದೂರಕ್ಕೆ ಯಾರಿಗೂ ಅದು ತಪ್ಪು ಅನಿಸಿಲ್ಲ. ಎದುರಿಗೆ ಬಂದು ನಿಂತರೆ ಮಾಡ ತುಸು ಓರೆ ಅನಿಸುತ್ತದೆ. ಕಿಟಕಿಯ ಕಡೆಯಿಂದ, 4 ಅಡಿಯೊಳಗೆ, ಅದು ಸಪಾಟು ಚಿತ್ರ. ಅಲ್ಲಿ ಕಾಕಿಯ ಅಕ್ಕಿ ಡ್ರಮ್ ಇಟ್ಟಿದ್ದೇವೆ, ಯಾರೂ ಹೋಗಿ ನಿಲ್ಲುವುದಿಲ್ಲ.

ಮೇಲೆ ಒಂದು ಕೋಟು ಮ್ಯಾಟ್ ವಾರ್ನಿಷ್. ಒರೆಸುವುದಾದರೆ ಒಣ ಬಟ್ಟೆ ಮಾತ್ರ. ಮಳೆಗಾಲದಲ್ಲಿ ಗೋಡೆ ತೇವ ಹೀರಿ ಪುಟ್ಟಿ ಉಬ್ಬಿದರೆ ತೇಪೆ ಹಾಕಲು ಕೆನೆ ಬಣ್ಣ, ಎರಡು ನೆರಳಿನ ಬಣ್ಣ ಮೂರು ಡಬ್ಬಿಯಲ್ಲಿ ಮುಚ್ಚಿ, ಮೇಲೆ ಬೆರೆಸಿದ ಅಳತೆ ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ. ಗೋಡೆಯ ಆಚೆ ಬದಿಯ ಪಾಲಿನವರೂ ಬಂದು ನೋಡಿ ಹೋದರು. ಅವರಿಗೆ ತಮ್ಮ ಕಡೆ ಹೊಲ ಕಾಣುವ ಕಿಟಕಿ ಬೇಕಂತೆ. ಹೊಲ ಬೇಡ, ಅಷ್ಟು ದೂರ ಒಂದು ಹೆಜ್ಜೆಗೇ ಬಯಲಾಗುತ್ತದೆ ಅಂದೆ. ಮುಚ್ಚಿದ ಕದದ ಕಿಟಕಿ ಬರೆಯುವುದೆಂದು ಒಪ್ಪಿದ್ದಾರೆ, ಕದದ ಪಟ್ಟಿಗಳ ಆಳ ಮುಕ್ಕಾಲು ಇಂಚು.